ತೋಳು ಬೇಕು, ನೆರೆಮನೆ ಬೇಡ

ಬೇಸ್‌ಬಾಲ್ ಚೆಂಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಳಗೆ ನೂಲಿನ ಉಂಡೆ, ಮೇಲೆ ದನದ ಚರ್ಮ. 1974ರ ತನಕ ಕುದುರೆ ಚರ್ಮ ಇತ್ತಂತೆ, ಆಮೇಲೆ ದನದ್ದಾಯಿತು. ಎರಡು ತುಂಡು ಚರ್ಮವನ್ನು ಕೆಂಪು ದಾರದಲ್ಲಿ ಹೊಲಿದಿರುತ್ತಾರೆ. ಎಣಿಸಿದರೆ 108 ಜೋಡಿ ಹೊಲಿಗೆ. ಅಮೆರಿಕಾದ ದೊಡ್ಡ ಲೀಗಿನ ಚೆಂಡನ್ನು ಇವತ್ತಿಗೂ ಕೈಯಲ್ಲೇ ಹೊಲಿಯುತ್ತಾರೆ. ಮೊದಲು ಹೈಟಿಯ ಬಡ ಹೆಂಗಸರು ಹೊಲಿಯುತ್ತಿದ್ದರು. ಈಗ ಕೋಸ್ಟರಿಕಾ ದೇಶದ ಟುರಿಯಾಲ್ಬಾ ಅನ್ನೋ ಊರಿನವರು ಹೊಲಿಯುತ್ತಾರೆ. ಆ ಚೆಂಡು ಆಡುವ ಮೈದಾನದ ಟಿಕೇಟು ಕೊಳ್ಳುವ ತಾಕತ್ತು ಹೊಲಿದವರಿಗೆ ಇಲ್ಲ.

ಇದು ನಮಗೆ ಗೊತ್ತಿರುವ ಕಥೆಯೇ. ಕ್ರಿಕೆಟ್ ಚೆಂಡು ಎಲ್ಲಿಂದ ಬರುತ್ತೆ? ಮೀರತ್ತಿನ, ಜಲಂಧರದ ಕೇರಿಗಳಿಂದ ಬರುತ್ತೆ. ಊರಲ್ಲಿ ಚರ್ಮ ಮುಟ್ಟಿದವನನ್ನು ಮುಟ್ಟಬಾರದು. ಅದೇ ಚರ್ಮ ಚೆಂಡಾಗಿ ಬಂದರೆ ಮಡಿವಂತನ ಮಗನೂ ಎಂಜಲು ಹಚ್ಚಿ ತೊಡೆಗೆ ಉಜ್ಜುತ್ತಾನೆ. ಮಾಡಿದ ವಸ್ತು ಬೇಕು, ಮಾಡಿದವನು ಬೇಡ. ಈ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ನಾವು ಇಬ್ಬರು. ಒಬ್ಬನ ಊರು ಕೊಳ್ಳೇಗಾಲದ ಕಡೆ, ಇನ್ನೊಬ್ಬನದು ಮಾನ್ವಿ ಕಡೆ. ಮೈಸೂರಿನ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿ ಮಲಗಿ, ಒಂದೇ ಸಾರು ಉಂಡವರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಓದೋದಕ್ಕೆ ನ್ಯೂಯಾರ್ಕಿಗೆ ಹೋದೆವು. ನಾವು ಹೋದಾಗ ಊಟ ವಸತಿಗೆ ಅಂತ ವರ್ಷಕ್ಕೆ 15,400 ಡಾಲರ್ ಕೊಡುತ್ತಿದ್ದರು. ಊರಲ್ಲಿ ಈ ಲೆಕ್ಕ ಹೇಳಿದಾಗ ಜನ ಬಾಯಿ ಬಿಟ್ಟು ಕೇಳಿದರು. ನ್ಯೂಯಾರ್ಕಿನಲ್ಲಿ ಅದೇ ಲೆಕ್ಕ ಹೇಳಿದಾಗ ಮನೆ ಬಾಡಿಗೆಗೆ ಕೊಡಿಸುವ ದಲ್ಲಾಳಿ ನಕ್ಕ.

ಆ ಊರಿನ ನಿಯಮ ಕೇಳಿ. ತಿಂಗಳ ಬಾಡಿಗೆಯ 40 ಪಟ್ಟು ನಿಮ್ಮ ವರ್ಷದ ಆದಾಯ ಇರಬೇಕು. ಇಲ್ಲದಿದ್ದರೆ ಜಾಮೀನುದಾರ ಬೇಕು, ಅವನ ಆದಾಯ 80 ಪಟ್ಟು ಇರಬೇಕು. ಕೂಲಿ ಮಾಡುವ ಅಪ್ಪ, ಅಂಗನವಾಡಿಯಲ್ಲಿ ಅಡಿಗೆ ಮಾಡುವ ಅವ್ವ ಎಲ್ಲಿಯ ಜಾಮೀನು ಕೊಟ್ಟಾರು? ಸಾಲ ಮಾಡಿ ತೀರಿಸಿದ ಚರಿತ್ರೆ ಕೇಳುತ್ತಾರೆ. ಅದಕ್ಕೊಂದು ಅಂಕ ಇರುತ್ತೆ. ನಮ್ಮ ಮನೆಗಳಲ್ಲಿ ಸಾಲದ ಚರಿತ್ರೆಗೇನೂ ಕಮ್ಮಿ ಇಲ್ಲ, ಆದರೆ ಗೌಡನ ಪುಸ್ತಕದಲ್ಲಿ ಬರೆದದ್ದು ಅಮೆರಿಕಾದ ಬ್ಯಾಂಕಿಗೆ ಕಾಣೋದಿಲ್ಲ. ವಿಶ್ವವಿದ್ಯಾಲಯದ ವಸತಿಗೃಹ ಬಾಡಿಗೆಗಿಂತ ದುಬಾರಿ. ಮೊದಲ ಮೂರು ವಾರ ಪರಿಚಯದವರ ಪರಿಚಯದವರ ಮನೆಯ ನೆಲದ ಮೇಲೆ ಮಲಗಿದೆವು.

ಆಮೇಲೆ ಒಂದು ಜಾಹೀರಾತು ಸಿಕ್ಕಿತು. ನದಿಯ ಆಚೆ ನ್ಯೂಜೆರ್ಸಿಯಲ್ಲಿ ಒಂದು ಕೋಣೆ, ಭಾರತೀಯ ವಿದ್ಯಾರ್ಥಿಗಳಿಗೆ ಮಾತ್ರ, ಸಸ್ಯಾಹಾರಿಗಳಿಗೆ ಆದ್ಯತೆ. ಫೋನು ಮಾಡಿದೆವು. ಆ ಕಡೆಯಿಂದ ಕನ್ನಡ! ಕಿವಿಗೆ ಹಾಲು ಹುಯ್ದ ಹಾಗಾಯಿತು.

"ಮೈಸೂರಿನಲ್ಲಿ ಓದಿದ್ದಾ? ಓಹೋ, ಬನ್ನಿ ಬನ್ನಿ. ಮೈಸೂರಲ್ಲಿ ಎಲ್ಲಿ ಬರುತ್ತೆ ಮನೆ?"

"ಮನೆ ಮೈಸೂರಲ್ಲಿಲ್ಲ ಸಾರ್. ಹಾಸ್ಟೆಲ್ಲಲ್ಲಿದ್ವಿ."

"ಯಾವ ಹಾಸ್ಟೆಲ್ಲು?"

ಹೇಳಿದೆವು. ಒಂದು ಗಳಿಗೆ ಸುಮ್ಮನಾದರು.

"ತಂದೆಯವರ ಹೆಸರೇನಂದ್ರಿ?"

ಅದನ್ನೂ ಹೇಳಿದೆವು.

"ಸರಿ. ಮನೇಲಿ ಹಿರಿಯರಿದ್ದಾರೆ, ಪೂಜೆ ಪುನಸ್ಕಾರ ಇರುತ್ತೆ ನೋಡಿ. ನಾಳೆ ತಿಳಿಸ್ತೀನಿ."

ಆ ನಾಳೆ ಬರಲೇ ಇಲ್ಲ. ಇದು ನಮ್ಮ ಓದುಗರಿಗೆ ಹೊಸದಲ್ಲ. ಹಳ್ಳಿಗೆ ವರ್ಗವಾಗಿ ಹೋದ ನಮ್ಮ ಮೇಷ್ಟ್ರುಗಳಿಗೆ ಈ ನಾಳೆಯ ಅರ್ಥ ಚೆನ್ನಾಗಿ ಗೊತ್ತು. "ನೀವು ಯಾವ ಪೈಕಿ?" ಅಂತ ಒಂದೇ ಮಾತಲ್ಲಿ ಕೇಳಿ ಬಾಗಿಲು ಹಾಕುವ ಹಳ್ಳಿಯ ಯಜಮಾನ ಒಂದು ರೀತಿಯಲ್ಲಿ ನೇರ ಮನುಷ್ಯ. ಹಾಸ್ಟೆಲ್ಲು, ಅಪ್ಪನ ಹೆಸರು, ಕೋಳಿ ಮೊಟ್ಟೆ ಅಂತ ಸುತ್ತಿ ಬಳಸಿ ಅದೇ ಜಾಗಕ್ಕೆ ಬರುವುದನ್ನು ಪಟ್ಟಣ ಕಲಿಸುತ್ತೆ. ದೆಹಲಿಯ ಸುತ್ತಮುತ್ತ ಬಾಡಿಗೆ ಮನೆ ಕೇಳಿ ನೋಡಿ ಸುಖದೇವ್ ಥೋರಟ್ ಮತ್ತು ಸಂಗಡಿಗರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲೂ ಇದೇ ಕಂಡಿತು: ಹೆಸರು ಕೇಳಿದ ಮೇಲೆ ದಲಿತರಿಗೂ ಮುಸ್ಲಿಮರಿಗೂ ಮನೆ ಇಲ್ಲ, ಇಲ್ಲವೇ ಷರತ್ತು ಜಾಸ್ತಿ. ವಿಮಾನ ಹತ್ತಿದ ಮಾತ್ರಕ್ಕೆ ಈ ರೋಗ ಬಿಡೋದಿಲ್ಲ. ಅದಕ್ಕೂ ವೀಸಾ ಸಿಕ್ಕಿದೆ.

ಕೊನೆಗೆ ನಮಗೆ ಕೋಣೆ ಕೊಟ್ಟವರು ಒಬ್ಬ ಡೊಮಿನಿಕನ್ ಹೆಂಗಸು. ಮ್ಯಾನ್‌ಹ್ಯಾಟನ್ನಿನ ಮೇಲುಭಾಗದಲ್ಲಿ ವಾಷಿಂಗ್ಟನ್ ಹೈಟ್ಸ್ ಅಂತ ಒಂದು ಬಡಾವಣೆ ಇದೆ. ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿ ಟ್ರುಹಿಯೋ 1961ರಲ್ಲಿ ಕೊಲೆಯಾದ ಮೇಲೆ, 1965ರಲ್ಲಿ ಅಮೆರಿಕಾದ ಸೇನೆ ಅಲ್ಲಿ ಇಳಿದ ಮೇಲೆ, ಗುಂಪು ಗುಂಪಾಗಿ ಬಂದ ಜನ ಅಲ್ಲಿ ನೆಲೆ ಮಾಡಿಕೊಂಡರು. ಈಕೆ ಸಕ್ಕರೆ ಮಿಲ್ಲುಗಳ ಊರಾದ ಸಾನ್ ಪೆದ್ರೋ ದೆ ಮಕೋರಿಸಿನವರು. ಎಪ್ಪತ್ತರ ಹತ್ತಿರದ ವಯಸ್ಸು. ನಮ್ಮ ಅಪ್ಪನ ಹೆಸರನ್ನು ಕೇಳಲಿಲ್ಲ. ಮೂರು ಮಾತು ಹೇಳಿದರು: ಒಂದನೇ ತಾರೀಖಿಗೆ ಬಾಡಿಗೆ, ರಾತ್ರಿ ಗಲಾಟೆ ಇಲ್ಲ, ಆಟ ನಡೆಯುವಾಗ ಟಿವಿ ಮುಂದೆ ಅಡ್ಡ ನಿಲ್ಲಬಾರದು. ಎಲ್ಲರೂ ಅವರನ್ನು ದೋನ್ಯಾ ಅನ್ನುತ್ತಿದ್ದರು, ಮರ್ಯಾದೆಯ ಮಾತು ಅದು. ನಾವು ಅವ್ವ ಅಂದೆವು. ಅವರು ನಮ್ಮನ್ನು "ಮಿಹೋ" ಅಂದರು. ಮಗನೇ ಅಂತ ಅರ್ಥವಂತೆ.

ಬೇಸ್‌ಬಾಲ್ ನಮಗೆ ಅಂಟಿದ್ದು ಆ ಟಿವಿಯ ಮುಂದೆ. ಮೊದಮೊದಲು ಏನೂ ತಿಳಿಯಲಿಲ್ಲ. ಚೆಂಡು ನೆಲಕ್ಕೆ ಬೀಳೋದಿಲ್ಲ, ನೇರ ಎದೆಯ ಮಟ್ಟಕ್ಕೆ ಬರುತ್ತೆ. ಎಸೆಯುವವನಿಗೆ ಪಿಚರ್ ಅಂತಾರೆ. ಅವನ ತೋಳೇ ಅವನ ಜಮೀನು. ತೋಳು ಹೋಯಿತೋ ಬದುಕು ಹೋಯಿತು. ಅವ್ವ ವಿವರಿಸೋರು. ಅವರ ಅಪ್ಪ ಕಬ್ಬು ಕಡಿದವನು. ನಮ್ಮಲ್ಲೊಬ್ಬನ ಅಪ್ಪನೂ ಕಬ್ಬು ಕಡಿದವನೇ ಅಂದಾಗ ನಮ್ಮ ಕೈ ತಿರುಗಿಸಿ ನೋಡಿ, "ಹಾಗಾದ್ರೆ ಚೆಂಡು ಎಸೀತೀಯಲ್ಲ?" ಅಂತ ನಕ್ಕರು.

ಈ ಆಟ ಲೋಕವೆಲ್ಲ ಹಬ್ಬಿದ ದಾರಿ ನೋಡಿದರೆ ಅದರೊಳಗೆ ಒಂದು ದೊಡ್ಡ ಚರಿತ್ರೆ ಇದೆ. 1860ರ ದಶಕದಲ್ಲಿ ಅಮೆರಿಕಾದಲ್ಲಿ ಓದಿ ಬಂದ ಹುಡುಗರು ಕ್ಯೂಬಾಕ್ಕೆ ಬ್ಯಾಟು ಚೆಂಡು ತಂದರು. ಆಗ ಅಲ್ಲಿ ಆಳುತ್ತಿದ್ದವರು ಸ್ಪೇನಿನವರು. ಅವರಿಗೆ ಗೂಳಿ ಕಾಳಗ ಪ್ರತಿಷ್ಠೆ. ಕ್ಯೂಬಾದವರು ಬೇಸ್‌ಬಾಲನ್ನು ತಮ್ಮದು ಮಾಡಿಕೊಂಡದ್ದನ್ನು ಕಂಡು ದೊರೆಗಳು ನಿಷೇಧ ಹೇರಿ ನೋಡಿದರು. 1868ರಲ್ಲಿ ಶುರುವಾದ ಸ್ವಾತಂತ್ರ್ಯ ಯುದ್ಧದಲ್ಲಿ ಊರು ಬಿಟ್ಟ ಕ್ಯೂಬನ್ನರು ಡೊಮಿನಿಕನ್ ನೆಲಕ್ಕೆ ಕಬ್ಬಿನ ಬೇಸಾಯದ ಜೊತೆ ಈ ಆಟವನ್ನೂ ಒಯ್ದರು. ಜಪಾನಿಗೆ 1872ರಲ್ಲಿ ಹೊರೇಸ್ ವಿಲ್ಸನ್ ಅನ್ನೋ ಅಮೆರಿಕಾದ ಮೇಷ್ಟ್ರು ಕಲಿಸಿದರು. ಕೊರಿಯಾಕ್ಕೆ 1905ರ ಹೊತ್ತಿಗೆ ಮಿಷನರಿ ಒಬ್ಬರ ಕೈಯಿಂದ ಹೋಯಿತು. ತೈವಾನಿಗೆ ಜಪಾನಿನ ಆಳ್ವಿಕೆ ಒಯ್ದಿತು. ಎಲ್ಲಿ ಸಕ್ಕರೆ, ಎಲ್ಲಿ ಸೇನೆ, ಎಲ್ಲಿ ಮಿಷನ್ ಶಾಲೆ ಹೋಯಿತೋ ಅಲ್ಲೆಲ್ಲ ಹೋಯಿತು. ಧಣಿ ತಂದ ಆಟ; ಆಳು ಅದನ್ನು ಕಿತ್ತುಕೊಂಡು ಧಣಿಯನ್ನೇ ಸೋಲಿಸಲು ಕಲಿತ.

2006ರಿಂದ ದೇಶ ದೇಶಗಳ ನಡುವೆ ವಿಶ್ವ ಪಂದ್ಯಾವಳಿ ನಡೆಯುತ್ತಿದೆ. 2023ರದ್ದರಲ್ಲಿ ಜಪಾನು ಅಮೆರಿಕಾವನ್ನು 3-2ರಲ್ಲಿ ಸೋಲಿಸಿತು. ನಮಗೆ ಅದಕ್ಕಿಂತ ನೆನಪಿನಲ್ಲಿ ಉಳಿದದ್ದು ಚೆಕ್ ದೇಶದ ತಂಡ. ಅದರಲ್ಲಿ ಹೆಚ್ಚಿನವರು ಬೇರೆ ಕಸುಬಿನವರು. ಒಬ್ಬ ಬೆಂಕಿ ಆರಿಸುವವನು, ತರಬೇತುದಾರ ನರರೋಗದ ವೈದ್ಯ. ಒಂಡ್ರೇಯ್ ಸಟೋರಿಯಾ ಅನ್ನೋ ಎಲೆಕ್ಟ್ರಿಷಿಯನ್ ತನ್ನ ನಿಧಾನದ ಚೆಂಡಿನಲ್ಲಿ ಜಪಾನಿನ ಮಹಾ ಆಟಗಾರ ಶೋಹೆ ಒಟಾನಿಯನ್ನು ಔಟು ಮಾಡಿದ. ಅವತ್ತು ನಮ್ಮ ಮನೆಯಲ್ಲಿ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ದುಡಿಯುವ ಕೈ ಒಂದು ದಿನ ಗೆದ್ದರೂ ಗೆಲುವೇ.

ಆದರೆ ಲೀಗಿನ ವ್ಯಾಪಾರ ಬೇರೆ. ಅಮೆರಿಕಾದ ದೊಡ್ಡ ಲೀಗಿನ ಆಟಗಾರರಲ್ಲಿ ಈಚಿನ ವರ್ಷಗಳಲ್ಲಿ ನೂರಕ್ಕೆ 27-28 ಮಂದಿ ಹೊರದೇಶದಲ್ಲಿ ಹುಟ್ಟಿದವರು. 2025ರ ಋತು ಶುರುವಾದಾಗ ಡೊಮಿನಿಕನ್ ಗಣರಾಜ್ಯ ಒಂದರಿಂದಲೇ ನೂರು ಮಂದಿ ಇದ್ದರು. ಒಂದು ಕೋಟಿ ಚಿಲ್ಲರೆ ಜನಸಂಖ್ಯೆಯ ದೇಶ ಅದು. ಲೀಗಿನ 30 ತಂಡಗಳೂ ಅಲ್ಲಿ ತರಬೇತಿ ಶಾಲೆ ಇಟ್ಟಿವೆ. ಹದಿನಾರು ವಯಸ್ಸಿಗೆ ಹುಡುಗನ ರುಜು ಹಾಕಿಸುತ್ತಾರೆ. ಅದಕ್ಕೂ ಮುಂಚೆ ಹನ್ನೆರಡು ಹದಿಮೂರಕ್ಕೇ ಬುಸ್ಕೋನ್ ಅನ್ನೋ ದಲ್ಲಾಳಿ ಅವನನ್ನು ಸಾಕತೊಡಗಿರುತ್ತಾನೆ; ಮುಂಗಡ ಹಣದಲ್ಲಿ ಅವನ ಪಾಲು ನೂರಕ್ಕೆ 30, ಕೆಲವೊಮ್ಮೆ ಅದಕ್ಕೂ ಹೆಚ್ಚು. ಶಾಲೆ ಬಿಡಿಸಿರುತ್ತಾರೆ. ರುಜು ಹಾಕಿದವರಲ್ಲಿ ದೊಡ್ಡ ಲೀಗು ಮುಟ್ಟುವವರು ಬೆರಳೆಣಿಕೆ. ಉಳಿದವರು? ಅವ್ವನ ಅಣ್ಣನ ಮಗ ಹಾಗೆ ಉಳಿದವನು. ಹತ್ತೊಂಬತ್ತಕ್ಕೆ ಮೊಳಕೈ ಹೋಯಿತು. ಈಗ ಮೋಟರ್‌ಸೈಕಲ್ ಟ್ಯಾಕ್ಸಿ ಓಡಿಸುತ್ತಾನಂತೆ. "ಸಿಹಿ ಹಿಂಡಿಕೊಂಡು ಸಿಪ್ಪೆ ಬಿಸಾಕ್ತಾರೆ, ಕಬ್ಬಿನ ಹಾಗೆ" ಅಂದರು ಅವ್ವ. ನಾವು ಓದಿದ ಯಾವ ಅರ್ಥಶಾಸ್ತ್ರದ ಪುಸ್ತಕವೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಇದನ್ನೇ ಹೇಳುವ ಒಂದು ಸಿನಿಮಾ ಇದೆ. ಹೆಸರು 'ಶುಗರ್'. 2008ರದ್ದು, ಆನಾ ಬೋಡನ್ ಮತ್ತು ರಯಾನ್ ಫ್ಲೆಕ್ ಮಾಡಿದ್ದು. ದೊಡ್ಡ ನಟರಿಲ್ಲ, ಕುಣಿತವಿಲ್ಲ, ಕೊನೆಯಲ್ಲಿ ಕಪ್ಪು ಎತ್ತುವುದಿಲ್ಲ. ಸಾನ್ ಪೆದ್ರೋದ ಹುಡುಗ ಮಿಗೆಲ್ ಸಾಂಟೋಸ್, ಅಡ್ಡಹೆಸರು ಶುಗರ್. ಆ ಪಾತ್ರ ಮಾಡಿದ ಆಲ್ಹೆನಿಸ್ ಪೆರೆಸ್ ಸೋಟೋ ನಟನಲ್ಲ, ಅದೇ ಊರಿನ ಮೈದಾನದಲ್ಲಿ ಆಡುತ್ತಿದ್ದ ಹುಡುಗ. ಮಿಗೆಲ್ ಅಮೆರಿಕಾದ ಅಯೋವಾ ಎಂಬ ಜೋಳದ ಸೀಮೆಗೆ ಬರುತ್ತಾನೆ. ಒಂದು ಮುದುಕ ಮುದುಕಿಯ ಮನೆಯಲ್ಲಿ ವಸತಿ. ಒಳ್ಳೆಯ ಜನ, ಆದರೆ ಮಾತೇ ತಿಳಿಯದು. ಹೋಟೆಲಿಗೆ ಹೋದರೆ ಅವನಿಗೆ ಬರುವ ತಿಂಡಿಯ ಹೆಸರು ಒಂದೇ, ಫ್ರೆಂಚ್ ಟೋಸ್ಟ್. ದಿನಾ ಅದನ್ನೇ ತಿನ್ನುತ್ತಾನೆ. ಮೊಟ್ಟೆ ತಿನ್ನಬೇಕು ಅಂತ ಆಸೆ, ಆದರೆ ಎಂಥ ಮೊಟ್ಟೆ ಅಂತ ಕೇಳಿದರೆ ಹೇಳಲು ಬಾರದು. ನಾವು ಆ ದೃಶ್ಯ ನೋಡುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲ ತಿಂಗಳು ನಾವು ಕೂಡ ಬೆರಳು ತೋರಿಸಿ ಕೊಂಡ ಒಂದೇ ಬನ್ನನ್ನು ತಿಂದವರು.

ಮಿಗೆಲ್‌ನ ಆಟ ಕೆಡುತ್ತದೆ. ಅವರು ಕಳಿಸುವುದಕ್ಕೆ ಮುಂಚೆ ಅವನೇ ತಂಡ ಬಿಟ್ಟು ಬಸ್ಸು ಹತ್ತಿ ನ್ಯೂಯಾರ್ಕಿಗೆ ಬರುತ್ತಾನೆ. ಮಲಗಲು ಜಾಗ ಹುಡುಕುತ್ತಾನೆ, ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾನೆ, ಬಡಗಿ ಒಬ್ಬನ ಆಸರೆ ಸಿಗುತ್ತದೆ. ಕೊನೆಗೆ ಬ್ರಾಂಕ್ಸಿನ ಒಂದು ಬಯಲಲ್ಲಿ ತನ್ನಂಥವರ ಜೊತೆ ಆಡುತ್ತಾನೆ. ಅಲ್ಲಿ ನಿಂತ ಒಬ್ಬೊಬ್ಬನೂ ತನ್ನ ಹೆಸರು, ಊರು, ಯಾವ ತಂಡಕ್ಕೆ ರುಜು ಹಾಕಿದ್ದೆ ಅಂತ ಹೇಳುತ್ತಾನೆ. ಎಲ್ಲರೂ ಸಿಪ್ಪೆಯಾದವರು. ಎಲ್ಲರೂ ಬದುಕಿರುವವರು.

ಇದರ ಪಕ್ಕಕ್ಕೆ ಇನ್ನೊಂದು ಸಿನಿಮಾ ಇಟ್ಟು ನೋಡಿ. ಅದೇ 2008ರಲ್ಲಿ ಅಮೆರಿಕಾದ ಏಜೆಂಟ್ ಒಬ್ಬ ಭಾರತಕ್ಕೆ ಬಂದು ವೇಗವಾಗಿ ಚೆಂಡು ಎಸೆಯುವ ಸ್ಪರ್ಧೆ ನಡೆಸಿದ. ಉತ್ತರಪ್ರದೇಶದ ಹಳ್ಳಿಯ ಇಬ್ಬರು ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಪಿಟ್ಸ್‌ಬರ್ಗ್ ತಂಡಕ್ಕೆ ರುಜು ಹಾಕಿದರು. ರಿಂಕುವಿನ ಅಪ್ಪ ಲಾರಿ ಡ್ರೈವರು. ದೊಡ್ಡ ಲೀಗನ್ನು ಇಬ್ಬರೂ ಮುಟ್ಟಲಿಲ್ಲ. 2014ರಲ್ಲಿ ಡಿಸ್ನಿ ಕಂಪನಿ 'ಮಿಲಿಯನ್ ಡಾಲರ್ ಆರ್ಮ್' ಅಂತ ಸಿನಿಮಾ ತೆಗೆಯಿತು. ಹತ್ತು ಲಕ್ಷ ಡಾಲರಿನ ತೋಳು! ಅದರಲ್ಲಿ ನಾಯಕ ಯಾರು? ಆ ಹುಡುಗರಲ್ಲ, ಏಜೆಂಟು. ಅವನ ಕಷ್ಟ, ಅವನ ಪ್ರೇಮ, ಅವನ ಉದ್ಧಾರ. ಹುಡುಗರು ಅವನ ಮನಸ್ಸು ಕರಗಿಸಲು ಬಂದವರು. ಎರಡು ಸಿನಿಮಾದ ವಸ್ತು ಒಂದೇ. ಒಂದು ತೋಳನ್ನು ನೋಡಿತು, ಇನ್ನೊಂದು ತೋಳಿನ ಹಿಂದಿರುವ ಮನುಷ್ಯನನ್ನು ನೋಡಿತು. ಹೊಸ ಅಲೆಯ ಸಿನಿಮಾ ಯಾಕೆ ಬೇಕು ಅಂತ ಕೇಳುವವರಿಗೆ ನಮ್ಮ ಉತ್ತರ ಇಷ್ಟೇ.

ತೈವಾನಿನ 'ಕಾನೋ' ಸಿನಿಮಾ ಬಂದದ್ದೂ 2014ರಲ್ಲೇ. 1931ರಲ್ಲಿ ಕಾಗಿ ಎಂಬ ಊರಿನ ಕೃಷಿ ಶಾಲೆಯ ಹುಡುಗರು ಜಪಾನಿನ ಕೊಶಿಯೆನ್ ಪಂದ್ಯಾವಳಿಯ ಕೊನೆಯ ಆಟದ ತನಕ ಹೋದ ನಿಜ ಸಂಗತಿ ಅದು. ತಂಡದಲ್ಲಿ ಜಪಾನಿಯರು, ಹಾನ್ ಜನ, ಕಾಡಿನ ಮೂಲನಿವಾಸಿಗಳು ಒಟ್ಟಿಗಿದ್ದರು. ಅದರ ಹಿಂದಿನ ವರ್ಷವೇ, 1930ರಲ್ಲಿ, ಮುಷಾದಲ್ಲಿ ದಂಗೆ ಎದ್ದ ಸೀಡಿಕ್ ಮೂಲನಿವಾಸಿಗಳ ಮೇಲೆ ಜಪಾನಿನ ಸರ್ಕಾರ ವಿಮಾನ ಕಳಿಸಿತ್ತು. ಸಿನಿಮಾ ಮಾಡಿದ ಉಮಿನ್ ಬೋಯಾ ಸ್ವತಃ ಸೀಡಿಕ್ ಮೂಲದವರು. ಆದರೂ ಅದು ಜಪಾನಿನ ಆಳ್ವಿಕೆಯನ್ನು ಚಂದ ಮಾಡಿ ತೋರಿಸಿತು ಅನ್ನೋ ಆಕ್ಷೇಪ ಬಂತು. ನಮಗೂ ಆ ಅನುಮಾನ ಇದೆ. ಮೈದಾನದಲ್ಲಿ ಒಟ್ಟಿಗೆ ಓಡಿದರು ಸರಿ, ಊರಲ್ಲಿ ಒಟ್ಟಿಗೆ ಇದ್ದರಾ? ಜಪಾನಿನಲ್ಲಿ 868 ಹೋಮ್ ರನ್ ಹೊಡೆದ ಸದಹಾರು ಓ ಅವರ ಅಪ್ಪ ಚೀನಾದಿಂದ ಬಂದವರು. ಹುಡುಗ ಹುಟ್ಟಿದ್ದು ಟೋಕಿಯೋದಲ್ಲಿ. ಆದರೂ ಜಪಾನಿನ ಪ್ರಜೆಯಲ್ಲ ಅಂತ 1957ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಶಾಲೆಯ ತಂಡದ ಜೊತೆ ಅವರನ್ನು ಆಡಲು ಬಿಡಲಿಲ್ಲ.

ಅಮೆರಿಕಾದಲ್ಲಿ ಕಪ್ಪು ಜನರ ಕಥೆ ನಮ್ಮ ಓದುಗರಿಗೆ ಗೊತ್ತು. ಅರವತ್ತು ವರ್ಷ ಅವರನ್ನು ದೊಡ್ಡ ಲೀಗಿನಿಂದ ಹೊರಗಿಟ್ಟಿದ್ದರು. ಅವರು ತಮ್ಮದೇ ಲೀಗು ಕಟ್ಟಿಕೊಂಡು ಆಡಿದರು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಆ ಗೆರೆ ದಾಟಿದರು. ಇದನ್ನು ಪಠ್ಯಪುಸ್ತಕದಲ್ಲೂ ಹೇಳುತ್ತಾರೆ. ಆಟ ಮುಗಿದ ಮೇಲೆ ಅವರು ಎಲ್ಲಿ ಮಲಗಿದರು ಅಂತ ಹೇಳೋದಿಲ್ಲ. 1946ರಲ್ಲಿ ಫ್ಲಾರಿಡಾದ ಸ್ಯಾನ್‌ಫರ್ಡ್ ಊರಿಗೆ ತರಬೇತಿಗೆ ಹೋದಾಗ ಬೆದರಿಕೆ ಬಂದು ರಾತ್ರೋರಾತ್ರಿ ಊರು ಬಿಡಬೇಕಾಯಿತು. ತಂಡದ ಬಿಳಿಯರಿಗೆ ಹೋಟೆಲು, ಇವರಿಗೆ ಡೇಟೋನಾದ ಕಪ್ಪು ಕುಟುಂಬದ ಮನೆ. ಅದೇ ವರ್ಷ ಕೆನಡಾದ ಮಾಂಟ್ರಿಯಲ್ಲಿಗೆ ಆಡಲು ಹೋದಾಗ ಅವರ ಹೆಂಡತಿ ರೇಚಲ್ ಹೆದರಿಕೊಂಡೇ ಮನೆ ಕೇಳಿದರು. ಆ ಮನೆಯೊಡತಿ ಬಿಳಿ ಹೆಂಗಸು. ಒಳಗೆ ಕರೆದು, ಚಹಾ ಕೊಟ್ಟು, ತನ್ನ ಹಾಸಿಗೆ ಬಟ್ಟೆ, ಪಿಂಗಾಣಿ ತಟ್ಟೆಗಳನ್ನೇ ಬಳಸಿ ಅಂತ ಬಿಟ್ಟುಕೊಟ್ಟರು. ತಾನು ತಿನ್ನುವ ತಟ್ಟೆ!

ವಿಲ್ಲಿ ಮೇಸ್ ಅಂತ ಇದ್ದರು. 2024ರಲ್ಲಿ ತೀರಿಕೊಂಡರು. ಬೇಸ್‌ಬಾಲ್ ಕಂಡ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರು. 1957ರಲ್ಲಿ ಅವರ ತಂಡ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಲಸೆ ಹೊರಟಿತು. ಊರಿಗೆ ಊರೇ ಸ್ವಾಗತ ಮಾಡಿತು. ಮೇಸ್ ಒಂದು ಮನೆ ಕೊಳ್ಳಲು ಹೋದರು, ಕೇಳಿದಷ್ಟು ಹಣ ಕೊಡುತ್ತೇನೆಂದರು. ಅಕ್ಕಪಕ್ಕದವರು ಬೇಡ ಅಂದರು, ಮಾಲೀಕ ಹಿಂದೆ ಸರಿದ. ಪತ್ರಿಕೆಯಲ್ಲಿ ಬಂದು, ಮೇಯರು ಮಧ್ಯೆ ಬಂದು, ಊರಿನ ಮಾನ ಹೋಗುತ್ತದೆ ಅಂದ ಮೇಲೆ ಮನೆ ಸಿಕ್ಕಿತು. ಅವರ ಹೊಡೆತ ಬೇಕು, ಅವರ ಓಟ ಬೇಕು, ನೆರೆಮನೆಯಲ್ಲಿ ಅವರು ಬೇಡ. ಇದನ್ನು ಓದಿದ ದಿನ ನಾವು ಅವ್ವನ ಮನೆಯಿಂದ ನಡೆದುಕೊಂಡೇ ಹೋಗಿ ಮೇಸ್ ಆಡುತ್ತಿದ್ದ ಪೋಲೋ ಗ್ರೌಂಡ್ಸ್ ಇದ್ದ ಜಾಗ ನೋಡಿದೆವು. ಮೈದಾನವನ್ನು 1964ರಲ್ಲಿ ಕೆಡವಿದರು. ಗುಡ್ಡದಿಂದ ಮೈದಾನಕ್ಕೆ ಇಳಿಯುತ್ತಿದ್ದ ಮೆಟ್ಟಿಲು ಮಾತ್ರ ಉಳಿದಿದೆ. ಮೈದಾನದ ಜಾಗದಲ್ಲಿ 30 ಅಂತಸ್ತಿನ ನಾಲ್ಕು ಕಟ್ಟಡ, ಬಡವರಿಗೆ ನಗರಸಭೆ ಕಟ್ಟಿಸಿದ ಮನೆಗಳು. ಬಾಲ್ಕನಿ ಇಲ್ಲದ ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿತ್ತು.

ಈಗ ನಮ್ಮ ನೆಲಕ್ಕೆ ಬರೋಣ. ಪಾಲ್ವಂಕರ್ ಬಾಲೂ, 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಜಾತಿ. ಎಡಗೈ ಸ್ಪಿನ್ನರ್. ಪುಣೆಯ ಹಿಂದೂ ತಂಡಕ್ಕೆ ಅವರ ಚೆಂಡು ಬೇಕಿತ್ತು. ಆಟದ ನಡುವೆ ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ 114 ವಿಕೆಟ್ ತೆಗೆದರು. ಆದರೂ ಅವರನ್ನು ತಂಡದ ನಾಯಕನನ್ನಾಗಿ ಮಾಡಲಿಲ್ಲ. ಮಾಂಟ್ರಿಯಲ್ಲಿನ ಚಹಾ, ಪುಣೆಯ ಚಹಾ. ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡಿ.

ಬಾಬಾಸಾಹೇಬರದ್ದೂ ಇದೇ ಕಥೆ. 1913ರಲ್ಲಿ ನ್ಯೂಯಾರ್ಕಿಗೆ ಹೋದ ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ವಸತಿಗೃಹದಲ್ಲಿದ್ದರು, ಪಾರ್ಸಿ ಗೆಳೆಯ ನವಲ್ ಭಥೇನಾ ಜೊತೆ ಕೋಣೆ ಹಂಚಿಕೊಂಡರು. ಅಲ್ಲಿ ಅವರನ್ನು ಯಾರೂ ಬೀದಿಗೆ ತಳ್ಳಲಿಲ್ಲ. 1917ರಲ್ಲಿ ಕೆಲಸಕ್ಕೆ ಬರೋಡಾಕ್ಕೆ ಬಂದರು. ಆ ಇಡೀ ಪಟ್ಟಣದಲ್ಲಿ ಅವರಿಗೆ ಒಂದು ಕೋಣೆ ಹುಟ್ಟಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಎಷ್ಟೋ ಪದವಿಗಳ ಆ ಮನುಷ್ಯ ಸಂಜೆಯ ತನಕ ಒಂದು ತೋಟದಲ್ಲಿ ಕೂತು ರೈಲು ಹತ್ತಿದರು. ಲಂಡನ್ನಿನಲ್ಲಿ ಅವರು ಬಾಡಿಗೆಗಿದ್ದ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿತು. ಅದಕ್ಕೂ ನೆರೆಯವರ ತಕರಾರು ಬಂದು, 2020ರಲ್ಲಿ ಅನುಮತಿ ಸಿಕ್ಕಿತು. ಸತ್ತ ಮೇಲೂ ಮನೆಯ ಜಗಳ.

ಇಷ್ಟೆಲ್ಲ ಹೇಳಿ ಅತ್ತು ಮುಗಿಸುವುದು ನಮ್ಮ ಕೆಲಸವಲ್ಲ. ಬಾಗಿಲು ತಾನಾಗಿ ತೆರೆದದ್ದು ಕಮ್ಮಿ, ತಳ್ಳಿದಾಗ ತೆರೆದದ್ದು ಹೆಚ್ಚು. ಅಮೆರಿಕಾದ ಕೆಳ ಲೀಗುಗಳ ಹುಡುಗರು ಒಂದೇ ಮನೆಯಲ್ಲಿ ಐದಾರು ಮಂದಿ ಗಾಳಿ ಹಾಸಿಗೆ ಮೇಲೆ ಮಲಗುತ್ತಿದ್ದರು. ಕನಿಷ್ಠ ಕೂಲಿಯ ಕಾನೂನಿನಿಂದಲೇ ಅವರನ್ನು 2018ರಲ್ಲಿ ಹೊರಗಿಟ್ಟಿದ್ದರು. ಅವರು ಬಾಯಿ ತೆರೆದು ಹೇಳತೊಡಗಿದ ಮೇಲೆ 2022ರಿಂದ ತಂಡಗಳೇ ಅವರಿಗೆ ವಸತಿ ಕೊಡಬೇಕಾಯಿತು. ಅದೇ ವರ್ಷ ಅವರು ಸಂಘ ಸೇರಿದರು. 2023ರ ಒಪ್ಪಂದದಲ್ಲಿ ತೀರಾ ಕೆಳಗಿನ ಮೆಟ್ಟಿಲೊಂದರಲ್ಲಿ ವರ್ಷಕ್ಕೆ 11,000 ಡಾಲರ್ ಇದ್ದ ಸಂಬಳ 26,200 ಆಯಿತು. ಡೊಮಿನಿಕನ್ ನೆಲದಲ್ಲೇ ಆಡುವ ಬೇಸಿಗೆ ಲೀಗಿನ ಹುಡುಗರು ಮಾತ್ರ ಆ ಒಪ್ಪಂದದ ಹೊರಗೇ ಉಳಿದರು. ಕೇರಿಯ ಹಿಂದೆ ಇನ್ನೊಂದು ಕೇರಿ ಇರುತ್ತದಲ್ಲ, ಹಾಗೆ.

ಮನೆಯ ವಿಷಯವೂ ಹಾಗೇ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಬಣ್ಣ ನೋಡಿ ಮನೆ ನಿರಾಕರಿಸಬಾರದು ಅನ್ನುವ ಕಾನೂನಿಗೆ ಅಮೆರಿಕಾದಲ್ಲಿ ರುಜು ಬಿತ್ತು. ಒಂದು ಹೆಣ ಬಿದ್ದ ಮೇಲೆ ಒಂದು ಕಾನೂನು. ಅದರಲ್ಲೂ ಸಂದು ಇದೆ: ಮಾಲೀಕ ತಾನೇ ವಾಸವಿರುವ ನಾಲ್ಕು ಮನೆಯೊಳಗಿನ ಸಣ್ಣ ಕಟ್ಟಡಕ್ಕೆ ಅದು ಪೂರ್ತಿ ತಾಗುವುದಿಲ್ಲ. ಜಾತಿ ಅನ್ನೋ ಶಬ್ದವಂತೂ ಅದರಲ್ಲಿ ಇರಲೇ ಇಲ್ಲ. 2023ರ ಫೆಬ್ರವರಿ 21ರಂದು ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಕೆಲಸದಲ್ಲಿ ಮಾತ್ರವಲ್ಲ, ಮನೆ ಕೊಡುವುದರಲ್ಲೂ. ಅದೇ ವರ್ಷ ಫ್ರೆಸ್ನೋ ನಗರವೂ ಮಾಡಿತು. ಕ್ಯಾಲಿಫೋರ್ನಿಯಾ ರಾಜ್ಯದ ಶಾಸಕರು ಮಸೂದೆ ಪಾಸು ಮಾಡಿದರೆ ಗವರ್ನರು ಅಕ್ಟೋಬರಿನಲ್ಲಿ ತಿರಸ್ಕರಿಸಿದರು. ತಿರಸ್ಕರಿಸಿ ಅಂತ ಕೇಳಿಕೊಂಡವರಲ್ಲಿ ನಮ್ಮ ದೇಶದಿಂದಲೇ ಹೋದವರು ಇದ್ದರು. ಅಲ್ಲಿ ಜಾತಿಯೇ ಇಲ್ಲ ಅನ್ನೋದು ಅವರ ವಾದ. ಹಾಗಾದರೆ ನಮ್ಮ ಹಾಸ್ಟೆಲ್ಲಿನ ಹೆಸರು ಕೇಳಿ ಸುಮ್ಮನಾದ ಆ ಒಂದು ಗಳಿಗೆಗೆ ಏನು ಹೆಸರು?

ಹೊರಡುವ ತಮ್ಮ ತಂಗಿಯರಿಗೆ ನಾಲ್ಕು ಮಾತು. ಕಣ್ಣಲ್ಲಿ ನೋಡದ ಕೋಣೆಗೆ ಊರಿಂದಲೇ ಮುಂಗಡ ಕಳಿಸಬೇಡಿ, ಇಲ್ಲದ ಮನೆಗೆ ಹಣ ಕೇಳುವ ಕಳ್ಳರು ಬೇಕಾದಷ್ಟಿದ್ದಾರೆ. ನ್ಯೂಯಾರ್ಕ್ ರಾಜ್ಯದಲ್ಲಿ 2019ರ ಕಾನೂನಿನ ಪ್ರಕಾರ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವ ಹಾಗಿಲ್ಲ. ವಿಶ್ವವಿದ್ಯಾಲಯದಲ್ಲಿ ಹೊರಗಿನ ವಸತಿ ಹುಡುಕಿಕೊಡುವ ಕಚೇರಿ ಇದ್ದರೆ ಮೊದಲು ಅಲ್ಲಿಗೆ ಹೋಗಿ. ನಮ್ಮ ಭಾಷೆ ಕೇಳಿತು ಅಂತ ಕರಗಬೇಡಿ, ಬೇರೆ ಭಾಷೆ ಅಂತ ಹೆದರಬೇಡಿ. ದುಡಿದು ತಿಂದವರ ಬಡಾವಣೆಯಲ್ಲಿ ಬಾಗಿಲು ಬೇಗ ತೆರೆಯುತ್ತದೆ, ಇದು ನಾವು ಕಂಡದ್ದು.

ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ನಿಮ್ಮ ಶಾಲೆಯಲ್ಲಿ ಓದಿ ಹೊರದೇಶಕ್ಕೆ ಹೋದ ನಮ್ಮ ಮಕ್ಕಳು ಯಾರಿದ್ದಾರೆ, ಯಾವ ಊರಲ್ಲಿದ್ದಾರೆ, ಅವರ ಕೋಣೆಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಇದೆಯಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಹೋಗುವ ಹುಡುಗಿಗೆ ಆ ಚೀಟಿ ಕೊಡಿ. ಅವಳು ಅಲ್ಲಿ ನೆಲೆ ನಿಂತ ಮೇಲೆ ತನ್ನ ಹೆಸರನ್ನೂ ಆ ಚೀಟಿಗೆ ಸೇರಿಸಬೇಕು ಅಂತ ಕಟ್ಟುನಿಟ್ಟಾಗಿ ಹೇಳಿ. ನಾವು ಇಬ್ಬರೂ ನಮ್ಮ ಹೆಸರು ಕೊಟ್ಟಿದ್ದೇವೆ.